ಪ್ರಶ್ನೋತ್ತರ: ಸೈಟೇಶನ್ ಸಂಖ್ಯೆ ನೋಡಿ ಪಿಎಚ್‌ಡಿ ಗೈಡ್ ಆರಿಸಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ಎಂ.ಎಸ್ಸಿ. ಮುಗಿಸಿ ಆಣ್ವಿಕ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಸೇರಬೇಕೆಂದಿದ್ದೇನೆ. ಎರಡು ಲ್ಯಾಬ್‌ಗಳಲ್ಲಿ ಅವಕಾಶವಿದೆ. ಗೂಗಲ್ ಸ್ಕಾಲರ್ ಪ್ರಕಾರ ಒಬ್ಬ ಪ್ರಾಧ್ಯಾಪಕರ ಎಚ್-ಇಂಡೆಕ್ಸ್ 41, ಇನ್ನೊಬ್ಬರದು 16. ಮೊದಲನೆಯವರನ್ನೇ ಆರಿಸಿಕೊಳ್ಳುವುದು ಸರಿಯೇ?

ಉತ್ತರ: ಆ ಎರಡು ಸಂಖ್ಯೆಗಳಿಂದಷ್ಟೇ ತೀರ್ಮಾನಕ್ಕೆ ಬರಬೇಡಿ. ಭೌತವಿಜ್ಞಾನಿ ಹಿರ್ಷ್ (Hirsch) ಅವರು 2005ರಲ್ಲಿ ಸೂಚಿಸಿದ ಈ ಅಳತೆಯಲ್ಲಿ 16 ಎಂದರೆ, ಅವರ 16 ಪ್ರಬಂಧಗಳು ತಲಾ ಕನಿಷ್ಠ 16 ಬಾರಿ ಉಲ್ಲೇಖಗೊಂಡಿವೆ ಎಂದಷ್ಟೇ ಅರ್ಥ. ಈ ಸಂಖ್ಯೆ ವರ್ಷ ಕಳೆದಂತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಇಪ್ಪತ್ತೈದು ವರ್ಷ ದುಡಿದವರನ್ನೂ ಎಂಟು ವರ್ಷದ ಹಿಂದೆ ಲ್ಯಾಬ್ ತೆರೆದವರನ್ನೂ ಇದರಿಂದ ಹೋಲಿಸಲಾಗದು.

ಸೈಟೇಶನ್, ಅಂದರೆ ಬೇರೆ ಪ್ರಬಂಧಗಳಲ್ಲಿ ಬರುವ ಉಲ್ಲೇಖ, ತೋರಿಸುವುದು ಮುಖ್ಯವಾಗಿ ಬಳಕೆಯನ್ನು. 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರೋಟೀನ್ ಅಳೆಯುವ ವಿಧಾನವನ್ನು ನೀವೂ ಪ್ರಾಕ್ಟಿಕಲ್‌ನಲ್ಲಿ ಮಾಡಿರುತ್ತೀರಿ: ಫೋಲಿನ್ ರೀಏಜೆಂಟ್ ಎಂಬ ರಾಸಾಯನಿಕ ಹಾಕಿ, ಅರ್ಧ ಗಂಟೆ ಕತ್ತಲಲ್ಲಿಟ್ಟು, ನೀಲಿ ಬಣ್ಣಕ್ಕೆ 660 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ತೆಗೆಯುವುದು. ಆ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್ ಬಂದಿವೆ, ಬಹುಪಾಲು 'ವಿಧಾನಗಳು' ಭಾಗದ ಒಂದೇ ಸಾಲಿನಲ್ಲಿ. ಡಿಎನ್ಎಯ ಜೋಡಿ ಸುರುಳಿಯನ್ನು ತೋರಿಸಿದ 1953ರ ಪ್ರಬಂಧವಾದರೋ, 2014ರಲ್ಲಿ ನೇಚರ್ ಪತ್ರಿಕೆ ಪ್ರಕಟಿಸಿದ ಅತಿ ಹೆಚ್ಚು ಉಲ್ಲೇಖಿತ ನೂರು ಪ್ರಬಂಧಗಳ ಪಟ್ಟಿಯಲ್ಲೇ ಇರಲಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಮೂರು ಲಕ್ಷ ಸೈಟೇಶನ್ ಪಡೆದ ಆ ಒಂದು ಪ್ರಬಂಧ ಲೌರಿ ಅವರ ಎಚ್-ಇಂಡೆಕ್ಸ್‌ಗೆ ಸೇರಿಸುವುದು ಕೇವಲ ಒಂದನ್ನು.

ಕೆಲವು ಕೆಲಸಗಳು ಎಷ್ಟು ಆಳವಾಗಿ ಬೇರೂರುತ್ತವೆಂದರೆ, ಮೂಲ ಪ್ರಬಂಧವನ್ನು ಉಲ್ಲೇಖಿಸಬೇಕೆಂದೇ ಯಾರಿಗೂ ಅನ್ನಿಸುವುದಿಲ್ಲ. ಜೈವಿಕ ಭೌತವಿಜ್ಞಾನಿ ಜಿ.ಎನ್. ರಾಮಚಂದ್ರನ್ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆಗೂಡಿ 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ತೋರಿಸುವ ನಕ್ಷೆ ಇಂದು 'ರಾಮಚಂದ್ರನ್ ಪ್ಲಾಟ್' ಎಂಬ ಹೆಸರಿನಿಂದ, ಹೊಸದಾಗಿ ಬಿಡಿಸಿದ ಪ್ರೋಟೀನ್ ರಚನೆಯನ್ನು ಪರಿಶೀಲಿಸುವ ಮಾಮೂಲು ಹಂತವಾಗಿದೆ. ಹೆಸರು ಬರೆಯುತ್ತಾರೆ, ಎಷ್ಟೋ ಸಲ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯುನಿಟ್ ಕಟ್ಟಿದವರೂ ಅವರೇ. ಒಂದು ವಿಭಾಗವನ್ನು ಕಟ್ಟಿ ಶಿಷ್ಯರನ್ನು ಬೆಳೆಸಿದ್ದು ಯಾವ ಇಂಡೆಕ್ಸಿನಲ್ಲೂ ಕಾಣದು ಎಂಬುದು ನನಗೆ ನಿಜವಾಗಿಯೂ ಬೇಸರದ ವಿಷಯ.

ಹಾಗಾದರೆ ನೋಡಬೇಕಾದದ್ದು ಏನು? ಇಬ್ಬರ ಕಳೆದ ಐದು ವರ್ಷಗಳ ಪ್ರಬಂಧಗಳನ್ನು ತೆರೆಯಿರಿ. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಬೆಂಚಿನಲ್ಲಿ ನಿಂತು ಪ್ರಯೋಗ ಮಾಡಿದವರ ಹೆಸರು ಮೊದಲು, ಲ್ಯಾಬಿನ ಮುಖ್ಯಸ್ಥರದು ಕೊನೆಗೆ ಬರುತ್ತದೆ. ಎಚ್-ಇಂಡೆಕ್ಸ್ 41 ಇರುವವರು ಹೆಚ್ಚಾಗಿ ಮಧ್ಯದ ಹೆಸರಾಗಿದ್ದಾರೆಯೇ, ವಿದ್ಯಾರ್ಥಿಗಳಿಗೆ ಮೊದಲ ಹೆಸರು ಸಿಕ್ಕಿದೆಯೇ ಎಂಬುದು ಆಗ ತಿಳಿಯುತ್ತದೆ. ವಿಮರ್ಶಾ ಲೇಖನಗಳನ್ನು (ರಿವ್ಯೂ, ಅಂದರೆ ಈಗಾಗಲೇ ನಡೆದ ಸಂಶೋಧನೆಯ ಸಾರ ಹೇಳುವವು) ಬದಿಗಿಡಿ, ಅವಕ್ಕೆ ಸಹಜವಾಗಿಯೇ ಹೆಚ್ಚು ಸೈಟೇಶನ್ ಬರುತ್ತವೆ. ಆಮೇಲೆ ಒಂದು ಪ್ರಬಂಧವನ್ನು ಆರಿಸಿಕೊಂಡು ಅದನ್ನು ಯಾರು ಉಲ್ಲೇಖಿಸಿದ್ದಾರೆಂದು ನೋಡಿ: ಬೇರೆ ಲ್ಯಾಬಿನವರು ಆ ಫಲಿತಾಂಶದ ಮೇಲೆ ತಮ್ಮ ಪ್ರಯೋಗ ಕಟ್ಟಿದ್ದರೆ, ಅಂಥ ಹತ್ತು ಸೈಟೇಶನ್‌ಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ಆದರೆ ಕೆಲಸಕ್ಕೆ ಅರ್ಜಿ ಹಾಕಿದಾಗ ಆಯ್ಕೆ ಸಮಿತಿಯವರು ಸಂಖ್ಯೆಗಳನ್ನೇ ಕೇಳುತ್ತಾರಲ್ಲವೇ?

ಉತ್ತರ: ಅನೇಕ ಕಡೆ ಕೇಳುತ್ತಾರೆ, ಅದನ್ನು ನಿರಾಕರಿಸಲಾರೆ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ (ಅದರ ಪ್ರಬಂಧಗಳಿಗೆ ಸರಾಸರಿ ಬರುವ ಸೈಟೇಶನ್ ಲೆಕ್ಕದಿಂದ) ವ್ಯಕ್ತಿಯನ್ನು ಅಳೆಯಬಾರದೆಂಬ ಘೋಷಣೆ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೋಶವಿಜ್ಞಾನಿಗಳ ಸಮ್ಮೇಳನದಲ್ಲೇ ರೂಪುಗೊಂಡಿತು, ಆದರೂ ಅಭ್ಯಾಸ ಪೂರ್ತಿ ಬದಲಾಗಿಲ್ಲ. ಕೆಲಸದ ಬೆಲೆ ತಡವಾಗಿ ತಿಳಿಯುವುದೂ ಉಂಟು: ಜೀವರಸಾಯನವಿಜ್ಞಾನಿ ಕಟಲಿನ್ ಕರಿಕೊ ಅವರಿಗೆ 1995ರಲ್ಲಿ ವಿಶ್ವವಿದ್ಯಾಲಯದಲ್ಲಿ ಹಿಂಬಡ್ತಿಯಾಗಿತ್ತು. ಡ್ರೂ ವೈಸ್‌ಮನ್ ಜೊತೆ 2005ರಲ್ಲಿ ಬರೆದ, ಮಾರ್ಪಡಿಸಿದ ಆರ್‌ಎನ್‌ಎ ಕುರಿತ ಪ್ರಬಂಧ ಆಗ ಹೆಚ್ಚಿನವರ ಗಮನ ಸೆಳೆಯಲಿಲ್ಲ, ಕೋವಿಡ್ ಲಸಿಕೆಗಳಿಗೆ ಆಧಾರವಾದದ್ದು ಅದೇ ಕೆಲಸ, ನೊಬೆಲ್ ಬಂದದ್ದು 2023ರಲ್ಲಿ. ನಿಮ್ಮ ಅರ್ಜಿಯಲ್ಲಿ ಕೇಳಿದ ಸಂಖ್ಯೆಗಳನ್ನು ತಪ್ಪಿಲ್ಲದೆ ತುಂಬಿ, ಯಾವ ದತ್ತಕೋಶದಿಂದ ತೆಗೆದದ್ದೆಂದೂ ಬರೆಯಿರಿ, ಏಕೆಂದರೆ ಗೂಗಲ್ ಸ್ಕಾಲರ್‌ನ ಲೆಕ್ಕ ಸಾಮಾನ್ಯವಾಗಿ ಸ್ಕೋಪಸ್ ಎಂಬ ಇನ್ನೊಂದು ದತ್ತಕೋಶದ ಲೆಕ್ಕಕ್ಕಿಂತ ಹೆಚ್ಚಿರುತ್ತದೆ. ಜೊತೆಗೆ ನಿಮ್ಮ ಮೂರು ಮುಖ್ಯ ಪ್ರಬಂಧಗಳಲ್ಲಿ ನೀವು ಸ್ವತಃ ಮಾಡಿದ ಪ್ರಯೋಗ ಯಾವುದು, ಅದರಿಂದ ತಿಳಿದದ್ದೇನು ಎಂದು ಒಂದೊಂದಕ್ಕೆ ಎರಡು ವಾಕ್ಯ ಸೇರಿಸಿ.