ಸಹಾಯ ಬೇಕು: ಸ್ಪ್ಯಾನಿಷ್ ಸಬ್ಜಂಕ್ಟಿವ್‌ನಲ್ಲಿ 'ನೊಸೋತ್ರೋಸ್' (ನಾವು) ರೂಪ

ಎಲ್ಲರಿಗೂ ನಮಸ್ಕಾರ. ಡೆಲೆ ಬಿ1 (ಸ್ಪ್ಯಾನಿಷ್ ಭಾಷಾ ಪ್ರಮಾಣಪತ್ರದ ಮಧ್ಯಮ ಹಂತ) ಪರೀಕ್ಷೆಗೆ ಓದುತ್ತಿದ್ದೇನೆ. ಸ್ಪ್ಯಾನಿಷ್ ಬಲ್ಲವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ವರ್ತಮಾನ ಸಬ್ಜಂಕ್ಟಿವ್‌ನಲ್ಲಿ (ಆಸೆ, ಸಂದೇಹದಂಥವನ್ನು ಹೇಳುವ ಕ್ರಿಯಾರೂಪ) 'ಯೋ' (ನಾನು) ರೂಪದಿಂದ ಹೊರಡುವ ತೆಂಗೋ–ತೆಂಗಾ, ಕೊನೋಸ್ಕೋ–ಕೊನೋಸ್ಕಾ ಸಲೀಸಾಗಿ ಬರುತ್ತವೆ. ಆ ದಾರಿಗೆ ಬಾರದ ಸೆಯಾ, ಎಸ್ತೆ, ಬಾಯಾ, ಆಯಾ, ಸೆಪಾ, ದೆ ಆರೂ ಬಾಯಿಪಾಠ ಆಗಿವೆ. ತೊಡಕೆಲ್ಲ 'ನೊಸೋತ್ರೋಸ್' ಬಂದಾಗ. ಪೆನ್ಸಾರ್‌ನಲ್ಲಿ ಪಿಯೆನ್ಸೆ ಇದ್ದದ್ದು ಪೆನ್ಸೆಮೋಸ್ ಆಗಿ ಮೂಲ ಸ್ವರಕ್ಕೇ ಮರಳುತ್ತದೆ. ಆದರೆ ದೋರ್ಮೀರ್‌ನಲ್ಲಿ ದುಯೆರ್ಮಾ, ದುರ್ಮಾಮೋಸ್. ಸೆಂತೀರ್‌ನಲ್ಲಿ ಸಿಯೆಂತಾ, ಸಿಂತಾಮೋಸ್. ಇಲ್ಲಿ ಮೂರನೆಯದೇ ಸ್ವರ!

ಈ ಮೂರನೆಯ ಸ್ವರ 'ಈರ್' ಕೊನೆಯ ಕ್ರಿಯಾಪದಗಳಿಗೆ ಮಾತ್ರವೇ? ಯಾಕೆ ಹೀಗೆ? ಪಟ್ಟಿ ನನ್ನ ಹತ್ತಿರ ಇದೆ, ಕಾರಣ ಬೇಕು. 'ಎಸ್ಪೇರಾನ್ ಕೆ...' (ಅವರ ಆಶಯ ಏನೆಂದರೆ...) ಅಂತ ಶುರುಮಾಡಿದರೆ ಸರಿಯಾದ ರೂಪ ತಡವರಿಸದೆ ಬಾಯಿಗೆ ಬರಲು ನೀವು ಹೇಗೆ ಅಭ್ಯಾಸ ಮಾಡಿದಿರಿ, ಅದನ್ನೂ ತಿಳಿಸಿ.