ಅಪ್‌ಡೇಟ್: ಕಾಳಿ ಕಾಡಿನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು

ಎಂ.ಎಸ್ಸಿ. ಮುಗಿಸಿ ಶಿರಸಿಯ ಮನೆಯಲ್ಲಿ ಕೂತಿದ್ದಾಗ ಇಲ್ಲಿ ಕೇಳಿದ್ದೆ: ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಬ್ಬನೇ ಹೋಗಿ ಅಧ್ಯಯನ ಮಾಡಬಹುದಾ ಅಂತ. ಆಗೋದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಸಂಶೋಧನೆಗೂ ಅನುಮತಿ ಬೇಕು. ನನ್ನ ಅರ್ಜಿ ಎರಡು ಸಲ ವಾಪಸ್ ಬಂತು. ನಿಮ್ಮಲ್ಲಿ ಹಲವರು ಹೇಳಿದ ಹಾಗೆ, ಈಗಾಗಲೇ ಅನುಮತಿ ಇರುವ ತಂಡಕ್ಕೆ ಸಹಾಯಕನಾಗಿ ಸೇರಿದೆ. ಅದೇ ಸರಿಯಾಯ್ತು.

ಕೆಲಸ ಕ್ಯಾಮೆರಾ ಟ್ರ್ಯಾಪ್‌ನದ್ದು, ಅಂದರೆ ಎದುರಿಗೆ ಬಿಸಿಯಾದದ್ದು ಏನಾದರೂ ಅಲುಗಾಡಿದರೆ ತಾನಾಗೇ ಫೋಟೊ ತೆಗೆಯುವ ಕ್ಯಾಮೆರಾ. ದಾರಿಯ ಎರಡೂ ಬದಿಗೆ ಎದುರುಬದುರು ಒಂದೊಂದು ಕಟ್ಟಬೇಕು. ಹುಲಿಯ ಎಡಮೈ, ಬಲಮೈ ಪಟ್ಟೆ ಬೇರೆ ಬೇರೆ ಅಲ್ವಾ, ಎರಡೂ ಸಿಕ್ಕರೆ ಗುರುತು ಪಕ್ಕಾ. ಮೊದಲ ಸಲ ನಾನು ಕ್ಯಾಮೆರಾ ಮುಂದಿನ ಹುಲ್ಲು ಸವರಲಿಲ್ಲ. ಕಾರ್ಡ್ ತೆಗೆದು ನೋಡಿದರೆ ಸಾವಿರಕ್ಕೂ ಜಾಸ್ತಿ ಫೋಟೊ, ಎಲ್ಲದರಲ್ಲೂ ಬಿಸಿಲಿಗೆ ಕಾದು ಗಾಳಿಗೆ ತೂಗುವ ಅದೇ ನಾಲ್ಕು ಎಸಳು! ಜೊತೆಗಿದ್ದ ಕಾವಲುಗಾರರು ಏನೂ ಅನ್ನದೆ ಕತ್ತಿ ಕೈಗೆ ಕೊಟ್ಟರು. ಅವರಿಗೆ ಗೊತ್ತಿರುವ ಕಾಡು ನನ್ನ ಪುಸ್ತಕದಲ್ಲಿ ಕಾಲುಭಾಗವೂ ಇರಲಿಲ್ಲ.

ಉಂಬಳದ (ರಕ್ತ ಹೀರುವ ಕಾಡು ಜಿಗಣೆ) ಬಗ್ಗೆ ಕೇಳಿದವರಿಗೆ: ಹೌದು, ಮಳೆಗಾಲದಲ್ಲಿ ಸಾಕೋಸಾಕು. ಮಂಡಿವರೆಗಿನ ದಪ್ಪ ಬಟ್ಟೆಯ ಕಾಲುಚೀಲ ಹಾಕಿ, ಉಪ್ಪು ಇಟ್ಟುಕೊಳ್ಳಿ. ಸಂಬಳ ಕಡಿಮೆಯೇ. ಹುಲಿ ಕಣ್ಣಾರೆ ಇನ್ನೂ ಕಂಡಿಲ್ಲ. ಆಯಿ ಮಾತ್ರ ಪ್ರತಿ ಭಾನುವಾರ ಫೋನಿನಲ್ಲಿ ಅದನ್ನೇ ಕೇಳುತ್ತಾಳೆ.