ಮಳೆಗಾಲದಲ್ಲಿ ತರಕಾರಿ ಕೊಳೆಯದಂತೆ ಇಡುವುದು ಹೇಗೆ?

ಪ್ರಶ್ನೆ (ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು): ನಮಸ್ಕಾರ ಸರ್. ನಮ್ಮದು ಪೇಟೆಯಿಂದ ದೂರದ ಒಂಟಿಮನೆಯಾದ್ದರಿಂದ ವಾರಕ್ಕೊಮ್ಮೆ ಸಂತೆಯಿಂದ ತರಕಾರಿ ತರುತ್ತೇವೆ. ಮಳೆ ಹಿಡಿದ ಮೇಲೆ ಈರುಳ್ಳಿಗೆ ಬೂಸ್ಟು ಬರುತ್ತದೆ, ಕೊತ್ತಂಬರಿ ಸೊಪ್ಪು ಮೂರನೆಯ ದಿನಕ್ಕೆ ಲೋಳೆಯಾಗುತ್ತದೆ, ಫ್ರಿಜ್ಜಿನಲ್ಲಿಟ್ಟ ಬದನೆ, ಸೌತೆಗಳೂ ಉಳಿಯುವುದಿಲ್ಲ. ಎಲ್ಲವನ್ನೂ ತಂದ ದಿನವೇ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಡುತ್ತೇನೆ. ನಾನು ಮಾಡುತ್ತಿರುವ ತಪ್ಪು ಯಾವುದು?

ಉತ್ತರ (ಕೊಯ್ಲೋತ್ತರ ತಂತ್ರಜ್ಞ, ಶಿವಮೊಗ್ಗ): ನಮಸ್ಕಾರ ಅಮ್ಮ. ನಿಮ್ಮ ಪ್ರಶ್ನೆಯ ಕೊನೆಯಲ್ಲೇ ಅರ್ಧ ಉತ್ತರವಿದೆ. ತರಕಾರಿ ಕಿತ್ತ ಮೇಲೂ ಉಸಿರಾಡುತ್ತದೆ. ಉಸಿರಿನಿಂದ ಬಂದ ನೀರಿನಂಶ ಗಂಟು ಕಟ್ಟಿದ ಚೀಲದೊಳಗೆ ಹನಿಗಟ್ಟಿ, ತೊಳೆದಾಗ ಉಳಿದ ತೇವದೊಂದಿಗೆ ಸೇರಿದರೆ, ಬೂಸ್ಟಿಗೂ ಕೊಳೆರೋಗದ ಸೂಕ್ಷ್ಮಜೀವಿಗಳಿಗೂ ಅದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಆದ್ದರಿಂದ ತೊಳೆಯುವ ಕೆಲಸವನ್ನು ಹೆಚ್ಚುವ ಹೊತ್ತಿಗೆ ಇಟ್ಟುಕೊಳ್ಳಿ. ಕೊತ್ತಂಬರಿಯ ಬೇರು ಕತ್ತರಿಸಿ, ಹಳದಿಯಾದ ಎಲೆ ಆರಿಸಿ ತೆಗೆದು, ಒಣಗಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಗಿನ ತರಕಾರಿ ಡಬ್ಬದಲ್ಲಿಡಿ. ಬಟ್ಟೆ ಒದ್ದೆಯಾದಾಗ ಬದಲಿಸಿ.

ಬದನೆ, ಸೌತೆಗಳ ಕಥೆಯೇ ಬೇರೆ. ಇವು ಬೆಚ್ಚಗಿನ ನಾಡಿನ ಬೆಳೆಗಳಾದ್ದರಿಂದ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಲವು ದಿನ ಇದ್ದರೆ ಅವುಗಳ ಜೀವಕೋಶಗಳಿಗೆ ಪೆಟ್ಟಾಗಿ, ಸಿಪ್ಪೆಯ ಮೇಲೆ ಗುಳಿ ಬಿದ್ದು, ಹೊರಗೆ ತೆಗೆದೊಡನೆ ಮೆತ್ತಗಾಗುತ್ತವೆ. ಫ್ರಿಜ್ಜಿನೊಳಗೆ ಇರುವುದು 4 ಡಿಗ್ರಿಯ ಆಸುಪಾಸು. ಇವನ್ನು ಗಾಳಿಯಾಡುವ ಬುಟ್ಟಿಯಲ್ಲಿ ಹೊರಗಿಟ್ಟು, ವಾರದ ಮೊದಲ ಎರಡು ಮೂರು ದಿನಗಳಲ್ಲೇ ಬಳಸಿಬಿಡಿ. ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್‌ಗಳನ್ನು ವಾರದ ಕೊನೆಗೆ ಉಳಿಸಿಕೊಳ್ಳಿ. ಕಾಯಿಯಾಗಿರುವ ಟೊಮೇಟೊವೂ ಹೊರಗೇ ಇರಲಿ. ಮಾಗುತ್ತಿರುವ ಬಾಳೆ, ಟೊಮೇಟೊ, ಪಪ್ಪಾಯಿಗಳಿಂದ ಹೊರಡುವ ಎಥಿಲೀನ್ ಅನಿಲವು ಪಕ್ಕದ ಸೊಪ್ಪನ್ನೂ ಸೌತೆಯನ್ನೂ ಬೇಗ ಹಳದಿಯಾಗಿಸುವುದರಿಂದ ಅವುಗಳ ಬುಟ್ಟಿ ಬೇರೆಯಿರಬೇಕು.

ಈರುಳ್ಳಿಗೆ ಬೇಕಾದದ್ದು ಒಣಗಾಳಿ. ಬಚ್ಚಲ ಒಲೆಯ ಮೇಲಿನ ಅಟ್ಟ ನಿಮ್ಮಲ್ಲಿದ್ದರೆ ಅಲ್ಲಿ ಬಿದಿರಿನ ತಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ. ಆಲೂಗಡ್ಡೆಯನ್ನು ಮಾತ್ರ ಅದರ ಜೊತೆ ಸೇರಿಸದೆ, ತಂಪಾದ ಕತ್ತಲೆ ಮೂಲೆಯಲ್ಲಿಡಿ. ಹಿರಿಯರು ಮೊಗೆಕಾಯಿಯನ್ನು ಬಾಳೆನಾರಿನಿಂದ ಕಟ್ಟಿ ಜಂತಿಗೆ ನೇತುಹಾಕುತ್ತಿದ್ದುದನ್ನು ನೀವೂ ಕಂಡಿರಬಹುದು. ನೆಲಕ್ಕೆ ತಾಗಿದ ಭಾಗದಲ್ಲೇ ತೇವ ನಿಂತು ಕೊಳೆ ಶುರುವಾಗುತ್ತದೆ. ನೇತಾಡುವ ಕಾಯಿಗೆ ಅಂಥ ಭಾಗವೇ ಇಲ್ಲ.

ಮರುಪ್ರಶ್ನೆ (ಸಾಗರ): ಸರ್, ಎರಡು ಪದರ ಇಟ್ಟಿಗೆಯ ನಡುವೆ ಮರಳು ತುಂಬಿ, ನೀರು ಹಾಕಿ ತಂಪು ಮಾಡುವ ತೊಟ್ಟಿಯನ್ನು ಕಟ್ಟಿಸಬೇಕೆಂದಿದ್ದೇನೆ. ಕರೆಂಟು ಹೋದರೂ ಚಿಂತೆಯಿಲ್ಲವಲ್ಲ?

ಉತ್ತರ: ದಯವಿಟ್ಟು ಮಳೆಗಾಲವನ್ನು ನೆಚ್ಚಿ ಕಟ್ಟಿಸಬೇಡಿ. ಆ ತೊಟ್ಟಿ ತಂಪಾಗುವುದು ಮರಳಿನ ನೀರು ಆವಿಯಾಗುವುದರಿಂದ. ಚಿತ್ರದುರ್ಗದ ಕಡೆಯ ಒಣಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನಿಮ್ಮಲ್ಲಿಯೂ ಮಾರ್ಚ್, ಏಪ್ರಿಲ್‌ನಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಆಷಾಢದ ಗಾಳಿಯೇ ನೀರಿನಿಂದ ತುಂಬಿರುವಾಗ ಆವಿಯಾಗಲು ಜಾಗವೆಲ್ಲಿ?

ಮರುಪ್ರಶ್ನೆ (ಹೊಸನಗರ): ಸ್ವಲ್ಪ ಬೂಸ್ಟು ಬಂದದ್ದನ್ನು ಕತ್ತರಿಸಿ ಬಳಸಬಹುದೇ? ಇಲ್ಲವಾದರೆ ಹಸುವಿಗಾದರೂ ಹಾಕುತ್ತೇವೆ.

ಉತ್ತರ: ಕ್ಯಾರೆಟ್, ಎಲೆಕೋಸಿನಂಥ ಗಟ್ಟಿ ತರಕಾರಿಯಾದರೆ ಬೂಸ್ಟಿನ ಸುತ್ತ ಹಾಗೂ ಆಳಕ್ಕೆ ಎರಡೂವರೆ ಸೆಂಟಿಮೀಟರ್‌ನಷ್ಟು ಕತ್ತರಿಸಿ ಎಸೆದು ಉಳಿದದ್ದನ್ನು ಬಳಸಬಹುದು, ಕತ್ತಿ ಬೂಸ್ಟಿಗೆ ತಾಗದಿರಲಿ. ಟೊಮೇಟೊ, ಮಾಗಿದ ಹಣ್ಣುಗಳಂಥ ಮೆತ್ತನೆಯವುಗಳಲ್ಲಿ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗಿಳಿದಿರುತ್ತವೆಯಾದ್ದರಿಂದ ಇಡೀ ಹಣ್ಣನ್ನು ಬಿಡಬೇಕು. ತಾಜಾ ಸಿಪ್ಪೆ, ಬಾಡಿದ ಸೊಪ್ಪು ಅಕ್ಕಚ್ಚಿಗೆ ಹೋಗಲಿ, ಆದರೆ ಬೂಸ್ಟು ಹಿಡಿದದ್ದೂ ಹಸಿರಾದ ಆಲೂಗಡ್ಡೆಯೂ ಬೇಡ. ಕೆಲವು ಬೂಸ್ಟುಗಳ ವಿಷ ಹಾಲಿಗೂ ಇಳಿಯುತ್ತದೆ. ಅವು ಗೊಬ್ಬರದ ಗುಂಡಿಗೆ ಸೇರಲಿ, ಮೇಲೊಂದು ಪದರ ದರಗೆಲೆಯಿರಲಿ. ಮಳೆಯಲ್ಲಿ ಬರೀ ಹಸಿಕಸ ಹಾಕಿದರೆ ಗುಂಡಿ ನಾರುತ್ತದೆ.

ಮರುಪ್ರಶ್ನೆ (ಮೊದಲ ಪ್ರಶ್ನೆ ಕೇಳಿದವರು): ಧನ್ಯವಾದ ಸರ್. ತೋಟದ ಬಾಳೆಗೊನೆ ಒಮ್ಮೆಗೇ ಹಣ್ಣಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಕಪ್ಪಾಗುವುದರಿಂದ ಎಸೆಯುತ್ತಿದ್ದೆವು.

ಉತ್ತರ: ಎಸೆಯಬೇಡಿ, ಅಮ್ಮ. ಪೂರ್ತಿ ಹಣ್ಣಾದ ಮೇಲೆ ಫ್ರಿಜ್ಜಿಗಿಟ್ಟರೆ ಕಪ್ಪಾಗುವುದು ಸಿಪ್ಪೆಯಷ್ಟೇ, ಒಳಗಿನ ತಿರುಳು ಇನ್ನೂ ಕೆಲವು ದಿನ ಚೆನ್ನಾಗಿರುತ್ತದೆ. ಕಾಯಿಯನ್ನಿಟ್ಟರೆ ಮಾತ್ರ ಅದು ಸರಿಯಾಗಿ ಹಣ್ಣಾಗುವುದೇ ಇಲ್ಲ. ಗೊನೆ ಕಡಿದ ದಿನವೇ ಒಂದೆರಡು ಚಿಪ್ಪನ್ನು ಕಾಯಿಯಾಗಿಯೇ ಪಲ್ಯಕ್ಕೋ ಚಿಪ್ಸಿಗೋ ತೆಗೆದಿಡಿ. ತೀರಾ ಕಳಿತದ್ದನ್ನು ಬನ್ಸ್ ಹಿಟ್ಟಿಗೆ ಹಾಕಿ.